ಲೋಲಾಕ್ಷಕ್ಕ ಬಿದ್ದದ್ದು ಎಲ್ಲಿ

ನಾರಾವಿಯ ಲೋಲಾಕ್ಷಕ್ಕ ಬೇರೆಯವರ ತೋಟದ ರಬ್ಬರ್ ಮರಗಳ ತೊಗಟೆ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡಿ ಬದುಕಿದವರು. ಬೆಳಕು ಹರಿಯುವ ಮೊದಲೇ ತಲೆಗೆ ಲೈಟು ಕಟ್ಟಿ ಗುಡ್ಡ ಹತ್ತಿದರೆ, ಬಿಸಿಲೇರುವಾಗ ಹಾಲು ತುಂಬಿದ ಬಕೆಟುಗಳೊಂದಿಗೆ ಇಳಿಯುತ್ತಿದ್ದರು. ಗಂಡ ಚನಿಯಪ್ಪಣ್ಣನಿಗೆ ಉಬ್ಬಸ, ದುಡಿಯುವವರು ಅವರೊಬ್ಬರೇ. ಆ ಕೆಲಸಕ್ಕೆ ಕೈಯ ಹದ ಬೇಕು ಎಂದು ಹೊರಗಿನವರು ತಿಳಿಯುತ್ತಾರೆ. ಕೈಗಿಂತ ಮೊದಲು ಕಾಲು ಗಟ್ಟಿ ಇರಬೇಕು, ಯಾಕೆಂದರೆ ಮರಗಳು ನಿಂತಿರುವುದು ಇಳಿಜಾರಿನಲ್ಲಿ.

ಆ ಕಾಲು ಮುರಿದದ್ದು ಕಳೆದ ವರ್ಷ ಮೂಡುಬಿದಿರೆ ಕಡೆಯ ಒಂದು ಸಭಾಭವನದಲ್ಲಿ, ತಮ್ಮ ದಯಾನಂದನ ಮಗ ಮನ್ವಿತನ ಮದುವೆಯ ದಿನ. ಊಟ ಮುಗಿಸಿದ ಮದುಮಗಳು ಮೋಕ್ಷಿತಾಳನ್ನು ಕೈ ತೊಳೆಯಲು ಕರೆದುಕೊಂಡು ಹೋದದ್ದು ಲೋಲಾಕ್ಷಕ್ಕನೇ. ತೊಟ್ಟಿಯ ಪೈಪು ಕಟ್ಟಿಕೊಂಡು, ಸಾರು ಎಣ್ಣೆ ಬೆರೆತ ನೀರು ನುಣುಪು ಟೈಲ್ಸಿನ ಮೇಲೆಲ್ಲ ಹರಡಿತ್ತು. "ನಿಲ್ಲು ಮಗಾ, ಸೀರೆ ಒದ್ದೆಯಾದೀತು" ಎಂದು ಮುಂದೆ ಕಾಲಿಟ್ಟವರು ಹಾಗೆಯೇ ಜಾರಿ ಕುಸಿದರು. ಪಾದದ ಗಂಟಿನೊಳಗೆ ಏನೋ ಲಟಕ್ಕೆಂದಿತು.

ಮೋಕ್ಷಿತಾ ಕೂಗಲು ಬಾಯಿ ತೆರೆದಳು. ಲೋಲಾಕ್ಷಕ್ಕ ಅವಳ ಕೈ ಹಿಡಿದೆಳೆದರು.

"ಬೊಬ್ಬೆ ಹಾಕಬೇಡ. ಯಾರಿಗೂ ಹೇಳಬೇಡ. ಹೆಣ್ಣು ಬಂದ ದಿನವೇ ಹೀಗಾಯಿತು ಅಂತ ನಿನ್ನ ಕಾಲ್ಗುಣಕ್ಕೆ ಕಟ್ತಾರೆ ಇವರೆಲ್ಲ."

ಗೋಡೆ ಹಿಡಿದು ಬಂದು ಕುರ್ಚಿಯಲ್ಲಿ ಕೂತರು. ಫೋಟೋಕ್ಕೆ ನಕ್ಕರು. ಸಂಜೆ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವಾಗ ಒಂದೇ ಕಾಲಿನ ಮೇಲೆ ಭಾರ ಹಾಕಿ ಆರತಿಯನ್ನೂ ಹಿಡಿದರು. ಮರುದಿನ ಆಸ್ಪತ್ರೆಯಲ್ಲಿ, "ಮನೆಯ ಅಂಗಳದಲ್ಲಿ ಬಿದ್ದೆ" ಎಂದರು.

ಮೂಳೆ ಸರಿಯಾಗಿ ಕೂಡಲಿಲ್ಲ. ಮಳೆ ಕಳೆದು ಟ್ಯಾಪಿಂಗ್ ಶುರುವಾದಾಗಲೂ ಗುಡ್ಡ ಹತ್ತಲಾಗಲಿಲ್ಲ. ಬೇರೆಯವರ ಜಾಗದಲ್ಲಿ, ಅವರ ಅಲಕ್ಷ್ಯದಿಂದ ಬಿದ್ದರೆ ಪರಿಹಾರ ಕೇಳಬಹುದು ಎಂದು ಯಾರೋ ಹೇಳಿದ್ದರಿಂದ ವಕೀಲೆ ನವ್ಯಶ್ರೀ ಅವರ ಬಳಿ ಹೋದರು. ನೋಟೀಸಿಗೆ ಸಭಾಭವನದವರ ಉತ್ತರ ಬಂತು: ಈ ಹೆಂಗಸು ನಮ್ಮಲ್ಲಿ ಬಿದ್ದೇ ಇಲ್ಲ, ವಿಡಿಯೋದಲ್ಲಿ ನಗುತ್ತ ಕೂತಿದ್ದಾರೆ, ಮನೆಯಲ್ಲಿ ಬಿದ್ದದ್ದೆಂದು ಆಸ್ಪತ್ರೆಯಲ್ಲಿ ಅವರೇ ಹೇಳಿದ್ದಾರೆ.

"ನೋಡಿದವರು ಯಾರಾದರೂ ಇದ್ದಾರಾ?" ನವ್ಯಶ್ರೀ ಕೇಳಿದರು.

"ಒಬ್ಬಳು ಇದ್ದಾಳೆ. ಅವಳನ್ನು ಕರೆಯಲಿಕ್ಕೆ ಆಗುವುದಿಲ್ಲ ಮೇಡಂ."

"ಅವಳಿಲ್ಲದೆ ಕೇಸು ನಿಲ್ಲುವುದಿಲ್ಲ ಅಮ್ಮ."

ವಿಷಯ ತಮ್ಮನ ಕಿವಿಗೂ ಬಿತ್ತು. ದಯಾನಂದ ಸ್ಕೂಟರಿನಿಂದ ಇಳಿಯದೆ ಅಂಗಳದಿಂದಲೇ ಗದರಿದ. "ನಮ್ಮ ಮನೆಯ ಮದುವೆಯನ್ನು ಕೋರ್ಟಿಗೆ ಎಳೆಯುತ್ತೀಯಾ ಅಕ್ಕ? ನಾಳೆ ಮಗಳ ಮದುವೆಗೆ ನನಗೆ ಯಾರು ಹಾಲ್ ಕೊಡ್ತಾರೆ?"

"ನಮ್ಮ ಅಂಗಳ ಉಂಟಲ್ಲ ಮಾರಾಯ," ಒಳಗಿನಿಂದ ಚನಿಯಪ್ಪಣ್ಣ ಕೆಮ್ಮುತ್ತ ಹೇಳಿದರು. "ಇಲ್ಲಿ ಟೈಲ್ಸ್ ಇಲ್ಲ, ಜಾರುವುದಿಲ್ಲ."

ದಯಾನಂದ ನಗಲಿಲ್ಲ. ಆಮೇಲೆ ಆ ಕಡೆಯಿಂದ ಹಬ್ಬಕ್ಕೂ ಕರೆ ಬರಲಿಲ್ಲ.

ಒಂದು ಭಾನುವಾರ ಮೋಕ್ಷಿತಾ ಒಬ್ಬಳೇ ಬಂದಳು.

"ಮಾಮಿ, ನಾನು ಸಾಕ್ಷಿ ಹೇಳ್ತೇನೆ."

"ಬೇಡ. ನಿನ್ನ ಅತ್ತೆಯ ಬಾಯಿ ನನಗೆ ಗೊತ್ತುಂಟು. ಆ ಮನೆಯಲ್ಲಿ ಬಾಳಬೇಕಾದವಳು ನೀನು."

"ಅವರು ಯಾವಾಗಲೋ ಶುರು ಮಾಡಿ ಆಗಿದೆ. ನಾನು ಬಂದ ಮರುದಿನವೇ ನೀವು ಅಂಗಳದಲ್ಲಿ ಬಿದ್ದಿರಿ ಅಂತ ಸುದ್ದಿಯಾಯಿತಲ್ಲ, ಅದು ನನ್ನಿಂದ. ಮೊನ್ನೆ ದನ ಸತ್ತಿತು, ಅದೂ ನನ್ನಿಂದ." ಅವಳ ಸ್ವರ ಗಟ್ಟಿಯಾಯಿತು. "ಎಣ್ಣೆ ನೀರಿನಿಂದ ಬಿದ್ದದ್ದು ಅಂತ ನಾಲ್ಕು ಜನರ ಎದುರು ಹೇಳಲಿಕ್ಕೆ ನನಗೂ ಬೇಕು ಮಾಮಿ."

ಯಾವ ಮಾತು ಈ ಹುಡುಗಿಗೆ ತಾಗಬಾರದೆಂದು ಲೋಲಾಕ್ಷಕ್ಕ ನೋವು ನುಂಗಿದ್ದರೋ, ಅದನ್ನೇ ಅವಳು ದಿನವೂ ಕೇಳುತ್ತಿದ್ದಳು.

"ಮನ್ವಿತ ಏನು ಹೇಳ್ತಾನೆ?"

"ಅಪ್ಪ ಅಮ್ಮನ ಎದುರು ಅವರಿಗೆ ಮಾತೇ ಇಲ್ಲ."

ಮರುದಿನ ಇಬ್ಬರೂ ಮೂಡುಬಿದಿರೆಯ ಬಸ್ಸು ಹತ್ತಿದರು. ತಮ್ಮ ಕಚೇರಿಯಲ್ಲಿ ನವ್ಯಶ್ರೀ ಮೊದಲೇ ಎಚ್ಚರಿಸಿದರು: "ಆಸ್ಪತ್ರೆಯಲ್ಲಿ ಯಾಕೆ ಸುಳ್ಳು ಹೇಳಿದಿರಿ ಅಂತ ಅವರ ವಕೀಲರು ಕೇಳಿಯೇ ಕೇಳುತ್ತಾರೆ. ಗೆಲ್ಲುತ್ತೇವೆ ಅಂತ ನಾನು ಮಾತು ಕೊಡುವುದಿಲ್ಲ."

"ಕೇಳಲಿ ಮೇಡಂ. ಇದ್ದದ್ದನ್ನು ಹೇಳ್ತೇನೆ" ಎಂದರು ಲೋಲಾಕ್ಷಕ್ಕ.

ಮೋಕ್ಷಿತಾ ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮಾವ ದಯಾನಂದ. ಫೋನು ನಿಂತು, ಮತ್ತೆ ಬಡಿದುಕೊಂಡಿತು. ಅವಳು ಅದನ್ನು ಮೇಜಿನ ಮೇಲೆ ಮಗುಚಿಟ್ಟು, ಮದುವೆಯ ದಿನ ನಡೆದದ್ದನ್ನು ಹೇಳತೊಡಗಿದಳು. ಲೋಲಾಕ್ಷಕ್ಕ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.