ಬಲಚಕ್ರ ನೆಲ ಕಚ್ಚಿದ್ದು

ಮೂರು ಭಾನುವಾರ ದುಡಿದ ಕೂಲಿ, ಒಟ್ಟು ಒಂಬತ್ತು ರೂಪಾಯಿ, ಜೆಪ್ಪುವಿನ ಚೆನ್ನಪ್ಪನಿಗೆ ಇಂದಿಗೂ ಬಂದಿಲ್ಲ. ಕೊಡಬೇಕಾದವರು ಗ್ಯಾರೇಜಿನ ಧಣಿ ಯೂಸ್ಟೇಸ್; ಕ್ರೈಸ್ತರಾದ್ದರಿಂದ ಕೆಲಸದವರ ಬಾಯಲ್ಲಿ 'ಪೊರ್ಬುಗಳು'. ಕೆಟ್ಟ ಮನುಷ್ಯರಲ್ಲ, ಕೊಡುವ ಹೊತ್ತಿಗೆ ಮಾತ್ರ ಅವರ ಕಿವಿ ಮಂದ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಅವರೊಂದು ಹಳೆಯ ಅಮೆರಿಕನ್ ಕಾರು ಕೊಂಡರು. ಬಜಪೆ ಕಡೆಯ ನೇರ ರಸ್ತೆಯಲ್ಲಿ ಕಾಲು ಮೈಲಿಯ ಪಂದ್ಯವಿತ್ತು; ನಿಂತಲ್ಲಿಂದ ಹೊರಟು ಮೊದಲು ಮುಟ್ಟಿದವನು ಗೆದ್ದ. ಕಾರಿಗೆ ಶಕ್ತಿ ಬೇಕಾದಷ್ಟಿತ್ತು. ಆದರೆ ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಧೂಳೆಬ್ಬಿಸುತ್ತಿತ್ತು, ಗಾಡಿ ಮುಂದೆ ಹೋಗದು.

ಗ್ಯಾರೇಜಿನ ಆರು ಕೆಲಸಗಾರರಲ್ಲಿ ಚೆನ್ನಪ್ಪ ಸ್ಪ್ರಿಂಗ್ ಕೆಲಸದಲ್ಲಿ ಹೆಸರು ಮಾಡಿದವನು. ಷರತ್ತು ಹಾಕಿದವನೂ ಅವನೇ.

"ಪೊರ್ಬುಗಳೇ, ಗಾಡಿ ಗೆದ್ರೆ ಇನ್ನು ಮುಂದೆ ಭಾನುವಾರಕ್ಕೆ ಡಬಲ್ ಕೂಲಿ. ನನಗೊಬ್ಬನಿಗಲ್ಲ, ಆರೂ ಜನಕ್ಕೆ."

"ಸೋತ್ರೆ?"

"ಆರೂ ಜನ ಒಂದು ವರ್ಷ ಭಾನುವಾರ ಪುಕ್ಕಟೆ ಬರ್ತೇವೆ."

ಧಣಿ ಕೂಡಲೇ ಒಪ್ಪಿದರು. ಉಳಿದ ಐವರನ್ನು ಅವನು ಕೇಳಿರಲೇ ಇಲ್ಲ. ಅವತ್ತು ಅವರ ಸ್ಪ್ಯಾನರಿನ ಪೆಟ್ಟು ತಪ್ಪಿದ್ದೇ ಹೆಚ್ಚು.

ಹಂಚಿನ ಲಾರಿ, ಸರ್ವಿಸ್ ಬಸ್ಸುಗಳ ಅಡಿಯಲ್ಲಿ ಹದಿನೈದು ವರ್ಷ ಮಲಗಿದ ಆಸಾಮಿ. ಸ್ಪ್ರಿಂಗ್ ಎಂದರೆ ಬಾಗಿದ ಉಕ್ಕಿನ ಪ್ಲೇಟುಗಳಿಗೆ ಇನ್ನಷ್ಟು ಪ್ಲೇಟು ಸೇರಿಸುವುದು, ಅಷ್ಟೇ ಅವನಿಗೆ ಗೊತ್ತು. ಎರಡೂ ಬದಿಗೆ ಎರಡೆರಡು ಸೇರಿಸಿದ. ಕಾರಿನ ಹಿಂಭಾಗ ಕಲ್ಲಿನಂತೆ ಬಿಗಿಯಾಯಿತು. ಓಡಿಸಿ ನೋಡಿದರೆ ಚಕ್ರ ಕುಪ್ಪಳಿಸಿತು; ಎದ್ದ ಕೆಂಪು ಧೂಳೆಲ್ಲ ನೆರೆಮನೆಯ ಗೆರ್ಟ್ರೂಡ್ ಬಾಯಿ ಒಣಹಾಕಿದ್ದ ಬಿಳಿ ಬಟ್ಟೆಯ ಮೇಲೆ ಹೋಗಿ ಕೂತಿತು.

"ಎಂತ ಮಾರಾಯ, ಇದ್ರಲ್ಲಿ ಹಂಚು ಸಾಗಿಸ್ಲಿಕ್ಕುಂಟಾ?" ಎಂದರು ಯೂಸ್ಟೇಸ್.

ಮನೆಯಲ್ಲಿ ಹೆಂಡತಿ ಹೇಮಾಕ್ಷಿ ಬೀಡಿ ಕಟ್ಟುತ್ತಲೇ ಕೇಳಿದಳು: "ಬಸ್ಸಿಗೆ ಮಾಡಿದ್ದನ್ನೇ ಇದಕ್ಕೂ ಮಾಡಿದ್ರಾ?"

"ಮತ್ತೆಂತ ಮಾಡುದು?"

"ಬಸ್ಸಲ್ಲಿ ಐವತ್ತು ಜನ ಇರ್ತಾರೆ. ಇದ್ರಲ್ಲಿ ನಿಮ್ಮ ಪೊರ್ಬು ಒಬ್ರೇ. ಅವ್ರೂ ಕಡ್ಡಿ."

ಮುಂದಿನ ಭಾನುವಾರ ಚೆನ್ನಪ್ಪ ಸೇರಿಸಿದ ಪ್ಲೇಟುಗಳನ್ನು ಕಿತ್ತುಹಾಕಿದ. ಅಂಗಳದಲ್ಲಿ ಬೋರಲು ಮಲಗಿ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಧಣಿಗೆ ಕ್ಲಚ್ ಬಿಡಲು ಹೇಳಿ ನೋಡಿದ. ವ್ಯರ್ಥವಾಗಿ ತಿರುಗುತ್ತಿದ್ದುದು ಬಲಚಕ್ರ ಒಂದೇ. ಇಂಜಿನ್ನಿನ ತಿರುಚುವ ಬಲ ಆ ಬದಿಯನ್ನು ನೆಲದಿಂದ ಎತ್ತುತ್ತಿತ್ತು, ಎರಡು ಚಕ್ರ ಸೇರಿಸುವ ಅಚ್ಚು ಸ್ಪ್ರಿಂಗನ್ನು ತಿರುಚಿಕೊಂಡು ಕುಣಿಯುತ್ತಿತ್ತು. ಅವನು ಎರಡೂ ಸ್ಪ್ರಿಂಗುಗಳ ಮುಂದಿನ ಅರ್ಧಕ್ಕೆ ಕ್ಲ್ಯಾಂಪು ಹಾಕಿ ಬಿಗಿದ. ಹಿಂದಿನ ಅರ್ಧವನ್ನು ಸಡಿಲ ಬಿಟ್ಟ. ಬಲಗಡೆಯ ಪ್ಲೇಟುಗಳನ್ನು ಸುತ್ತಿಗೆಯಿಂದ ಬಡಿದು ಬಾಗು ತುಸು ಹೆಚ್ಚಿಸಿದ, ಆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯಲಿ ಎಂದು. ಬಿಚ್ಚುವುದು, ಬಡಿಯುವುದು, ಮತ್ತೆ ನೋಡುವುದು. ಪ್ಲೇಟು ಸೇರಿಸಿದ ಮೊದಲ ದಿನವೂ ಸೇರಿ ಒಟ್ಟು ಮೂರು ಭಾನುವಾರ ಹಿಡಿಯಿತು. ಕೊನೆಗೆ ಕಾರು ಎಡಕ್ಕೆ ವಾಲಿ ನಿಂತಿತು.

"ಸೊಟ್ಟ ಉಂಟಲ್ಲ ಮಾರಾಯ."

"ನಿಂತಾಗ ಸೊಟ್ಟ, ಪೊರ್ಬುಗಳೇ. ಹೊರಡುವಾಗ ನೆಟ್ಟಗೆ."

ಪಂದ್ಯದ ದಿನ ಬಾವುಟ ಬಿತ್ತು. ಪಕ್ಕದ ಹೊಸ ಕಾರು ನಿಂತಲ್ಲೇ ಚಕ್ರ ತಿರುಗಿಸಿ ಹೊಗೆ ಉಗುಳಿತು. ಯೂಸ್ಟೇಸರ ಸೊಟ್ಟ ಕಾರು ಹಿಂಭಾಗವನ್ನು ಕುಗ್ಗಿಸಿ, ನೆಲ ಕಚ್ಚಿ, ಹಗ್ಗ ಬಿಚ್ಚಿದ ಕರುವಿನಂತೆ ಚಿಮ್ಮಿತು. ಎರಡು ಗಾಡಿಯುದ್ದದ ಗೆಲುವು. ಹೊಡೆಯಲು ಬಂದಿದ್ದ ಐವರೇ ಚೆನ್ನಪ್ಪನನ್ನು ಹೆಗಲಿಗೇರಿಸಿದರು.

ಡಬಲ್ ಕೂಲಿ ಮರುವಾರದಿಂದಲೇ ಶುರುವಾಯಿತು, ಆರೂ ಜನಕ್ಕೆ. ಕಾರಿಗೆ ದುಡಿದ ಭಾನುವಾರಗಳ ಮಾತೆತ್ತಿದರೆ ಧಣಿ, "ಅದು ಷರತ್ತಲ್ಲಿ ಇಲ್ಲ" ಎಂದರು.

ಓದುವವರೇ, ನಿಮ್ಮಲ್ಲಿ ಎಷ್ಟು ಜನ ಭಾನುವಾರವೂ ಮಾಮೂಲಿ ಕೂಲಿಗೇ ದುಡಿಯುತ್ತಿದ್ದೀರಿ? ಎಲ್ಲ ಗ್ಯಾರೇಜಿನಲ್ಲೂ ಗೆಲ್ಲುವ ಕಾರು ಇರುವುದಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೋಗಿ, ಧಣಿಯ ಮೇಜಿನ ಮುಂದೆ ನಿಂತು, ಡಬಲ್ ಕೂಲಿ ಕೇಳಿ.