ಹಿಮ್ಮಡಿಯ ಪೆಡಲ್

ಕುಂದಲಹಳ್ಳಿಯ ಪಕ್ಕದಲ್ಲಿರುವ ನಮ್ಮ ಕಚೇರಿ ಆವರಣದ ಹುಲ್ಲುಹಾಸಿನ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. ಸುತ್ತಲಿನ ಬೀದಿಗಳಲ್ಲಿ ಜನ ನೀರಿನ ಟ್ಯಾಂಕರಿಗಾಗಿ ಕಾಯುತ್ತಿರುವಾಗ ಇಲ್ಲಿ ಬೆಳಗಾಗುವ ಮೊದಲೇ ಹುಲ್ಲಿನ ಮೇಲೆ ನೀರು ಚಿಮ್ಮುತ್ತದೆ. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಯಾವ ದನಕ್ಕೂ ಮೇಯಲು ಬಿಡದ ಹುಲ್ಲನ್ನು ಬೆಳೆಸಿ, ಬೆಳೆದದ್ದೇ ತಪ್ಪೆಂಬಂತೆ ವಾರಕ್ಕೆ ಮೂರು ಸಲ ಕತ್ತರಿಸುತ್ತಾರೆ. ನಾನು ಓದಿದ ಶಾಲೆಯಲ್ಲಿ ಹುಲ್ಲುಹಾಸು ಇರಲಿಲ್ಲ. ಮಕ್ಕಳೇ ಸೊಪ್ಪಿನ ಮಡಿ ಮಾಡುತ್ತಿದ್ದೆವು. ಅನ್ಯಾಯ ಕಂಡರೆ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕೆಂದು ಅಲ್ಲಿ ಕಲಿಸಿದ್ದರು. ಆದರೂ ಕಳೆದ ವರ್ಷ ನಾನು ಹೋರಾಡಿದ್ದು ಆ ಹುಲ್ಲನ್ನು ತೆಗೆಸುವುದಕ್ಕಲ್ಲ, ಅದನ್ನು ಕತ್ತರಿಸುವ ಯಂತ್ರದ ಮೇಲೆ ಒಬ್ಬ ಹೆಂಗಸನ್ನು ಕೂರಿಸುವುದಕ್ಕೆ.

ಆವರಣದ ತೋಟದ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಅವರೆಲ್ಲ ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಕುಡುಗೋಲಿನಿಂದ ಕಳೆ ತೆಗೆಯುವವರು. ಮೇಲೆ ಕೂತು ಓಡಿಸುವ ಯಂತ್ರ, ಹೊಟ್ಟೆಯಡಿ ಬ್ಲೇಡು ತಿರುಗುವ ಆ ಪುಟ್ಟ ಟ್ರ್ಯಾಕ್ಟರಿನಂಥದ್ದು, ಮಾತ್ರ ಗಂಡಸರ ಪಾಲಿನದು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬರೆಯದ ನಿಯಮವಾದ್ದರಿಂದಲೇ ಅದನ್ನು ಪ್ರಶ್ನಿಸುವುದು ಕಷ್ಟವಾಗಿತ್ತು. ನೌಕರರ ಸಮಿತಿಯ ಸದಸ್ಯೆಯಾಗಿ ಆರು ತಿಂಗಳು ಪತ್ರ ಬರೆದೆ, ಸಭೆಗಳಲ್ಲಿ ಎದ್ದು ನಿಂತೆ. ಕೊನೆಗೆ ಆವರಣದ ನಿರ್ವಹಣೆ ನೋಡುವ ಫೆಸಿಲಿಟಿ ಮ್ಯಾನೇಜರು ಒಬ್ಬ ಹೆಂಗಸಿಗೆ ನಾಲ್ಕು ಸರದಿಯ ಪರೀಕ್ಷೆ ಕೊಡಲು ಒಪ್ಪಿದರು. ಬೆಳಿಗ್ಗೆ ಆರಕ್ಕೆ ಶುರುಮಾಡಿ, ಕಂಪನಿಯ ಬಸ್ಸುಗಳು ಬರುವ ಎಂಟೂವರೆಯೊಳಗೆ ಇಡೀ ಹುಲ್ಲುಹಾಸು ಮುಗಿಯಬೇಕು. ಮುಗಿಯದಿದ್ದರೆ ಆಕೆ ಮತ್ತೆ ಕುಡುಗೋಲು ಹಿಡಿಯಬೇಕು.

ಆಕೆ ಕುಂದಲಹಳ್ಳಿಯ ಹಳೆಯ ಒಕ್ಕಲು ಮನೆತನವೊಂದರ ಸೊಸೆ. ವಯಸ್ಸು ಐವತ್ತರ ಆಸುಪಾಸು. ಹೊಲವಿದ್ದ ಕಾಲದಲ್ಲಿ ಉಳುವ ಪವರ್ ಟಿಲ್ಲರ್ ಓಡಿಸಿದ್ದವರು. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳೆದ್ದಿವೆ, ಅವುಗಳ ಯಜಮಾನಿಕೆ ಗಂಡ ಮತ್ತು ಮೈದುನರದು. ಕೂತು ಕೂತು ಆಕೆಯ ಮಂಡಿಗಳು ಸವೆದಿದ್ದವು. ಇನ್ನೊಂದು ವರ್ಷದ ಕಳೆ ಕೆಲಸವನ್ನು ಅವು ತಡೆಯುವಂತಿರಲಿಲ್ಲ. ಯಂತ್ರದ ಮೇಲೆ ಮೊದಲ ದಿನ ಕೂತಾಗ ಆಕೆ ಹೇಳಿದ್ದು ಮಂಡಿಯ ಮಾತಲ್ಲ.

"ಇಂಜಿನ್ ಇಡ್ದು ಅದಿನೈದು ವರ್ಷ ಆಯ್ತು, ಮೇಡಂ. ಕಳೆ ಕಿತ್ತೂ ಕಿತ್ತೂ, ಇಂಥ ಕೆಲ್ಸ ಒಂದು ನನ್ ಕೈಲಿ ಆಗ್ತಿತ್ತು ಅನ್ನೋದೇ ಮರ್ತೋಗಿತ್ತು."

ಮೊದಲ ಮೂರು ಸರದಿಯೂ ಒಂಬತ್ತು ದಾಟಿತು. ನಮ್ಮ ಹುಲ್ಲುಹಾಸು ಒಂದೇ ಬಯಲಲ್ಲ. ಗ್ರಾನೈಟ್ ಬೆಂಚು, ಕಾರಂಜಿ, ಹೂವಿನ ಮಡಿಗಳ ನಡುವೆ ಕಿರಿದಾದ ಪಟ್ಟಿಗಳಾಗಿ ಹರಿದಿದೆ, ಆ ಪಟ್ಟಿಗಳಲ್ಲಿ ಎಷ್ಟೋ ಗೋಡೆಗೆ ಹೋಗಿ ಮುಗಿಯುತ್ತವೆ. ಒಳಹೋದ ಯಂತ್ರಕ್ಕೆ ತಿರುಗಲು ಜಾಗವಿಲ್ಲ, ಹಿಂದಕ್ಕೇ ಬರಬೇಕು. ಪೆಡಲಿನ ಮುಂಭಾಗವನ್ನು ಬೆರಳಿನಿಂದ ಒತ್ತಿದರೆ ಚುರುಕಾಗಿ ಮುಂದೋಡುತ್ತಿದ್ದ ಅದು, ಹಿಮ್ಮಡಿಯಿಂದ ಹಿಂಭಾಗವನ್ನು ಒತ್ತಿದರೆ ಬಸವನಹುಳುವಿನಂತೆ ತೆವಳುತ್ತಿತ್ತು. ಮ್ಯಾನೇಜರು ನನ್ನೆದುರು ರಿಜಿಸ್ಟರ್ ತೆರೆದಿಟ್ಟರು. ಹಿಂದಿನ ಎರಡು ವರ್ಷ ಅದೇ ಯಂತ್ರ, ಒಬ್ಬನೇ ಚಾಲಕ, ಮುಗಿದ ಸಮಯ ಎಂಟೂ ಇಪ್ಪತ್ತು. ಸೋಮವಾರದ ಸರದಿಯೇ ಕೊನೆಯದೆಂದು ಸೌಜನ್ಯದಿಂದಲೇ ಹೇಳಿದರು.

ನಾನು ಹಿಂದಿನ ಚಾಲಕನನ್ನು ಹುಡುಕಿ ಕೇಳಿದೆ. ಆತ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೆಂದು ಆತನಿಗೆ ಅನ್ನಿಸಿಯೇ ಇರಲಿಲ್ಲ. ಯಂತ್ರದ ಹಿಂಬದಿಯ ಸಣ್ಣ ಲಿವರನ್ನು ಎಳೆದರೆ ಚಕ್ರಗಳು ಇಂಜಿನ್ನಿನ ಹಿಡಿತದಿಂದ ಬಿಡಿಸಿಕೊಳ್ಳುತ್ತವೆ. ಪ್ರತಿ ಪಟ್ಟಿಯ ಕೊನೆಯಲ್ಲೂ ಇನ್ನೊಬ್ಬ ಕೆಲಸಗಾರ ಆ ಲಿವರ್ ಎಳೆದು, ಹಗ್ಗ ಸಿಕ್ಕಿಸಿ, ಚಾಲಕ ಕೂತಿದ್ದಂತೆಯೇ ಯಂತ್ರವನ್ನು ಹಿಂದಕ್ಕೆ ಜಗ್ಗುತ್ತಿದ್ದ. ಒಬ್ಬ ಕೂರುವುದು, ಒಬ್ಬ ಎಳೆಯುವುದು, ರಿಜಿಸ್ಟರಿನಲ್ಲಿ ಕೂತವನ ಹೆಸರು ಮಾತ್ರ ಬರೆಯುವುದು: ಇದು ಅಲ್ಲಿನ ರೂಢಿ. ಇಬ್ಬರ ದುಡಿಮೆಯ ಜೊತೆ ಒಬ್ಬಳ ದುಡಿಮೆಯನ್ನು ಹೋಲಿಸಿ ಆಕೆಯನ್ನು ನಿಧಾನಿ ಎಂದಿದ್ದರು.

ಶುಕ್ರವಾರ ಸಂಜೆ ಮೂರು ಪುಟದ ಪತ್ರ ಬರೆದೆ. ಸುಳ್ಳು ಹೋಲಿಕೆ, ಸರಿಯಿಲ್ಲದ ಯಂತ್ರ, ಅಪೂರ್ಣ ರಿಜಿಸ್ಟರ್, ತೋಟದ ಹೆಂಗಸರನ್ನು ಏಕವಚನದಲ್ಲಿ ಕರೆಯುವುದು, ಊಟಕ್ಕೆ ಕೂರಲು ಅವರಿಗೊಂದು ನೆರಳಿಲ್ಲದಿರುವುದು. ಯಾವುದನ್ನೂ ಬಿಡಲಿಲ್ಲ. ಶನಿವಾರ ಯಂತ್ರದ ಶೆಡ್ಡಿನ ಬಳಿ ಆಕೆಗೆ ಅದನ್ನು ಓದಿ ಹೇಳಿದೆ. ಆಕೆ ಕೊನೆಯವರೆಗೂ ಕೇಳಿದರು.

"ಈ ಕಾಗ್ದ ಕೊಟ್ರೆ ಏನಾಗ್ತದೆ ಗೊತ್ತಾ ಮೇಡಂ? ನಂಗೂ ಒಬ್ಬನ್ನ ಎಳ್ಯಕ್ಕೆ ಕೊಡ್ತಾರೆ. ಆಮೇಲೆ, ಎಂಗ್ಸು ಕೂತ್ರೆ ಇಂದ್ಗಡೆಯಿಂದ ಗಂಡ್ಸು ಎಳೀಬೇಕು ಅಂತ ಊರೆಲ್ಲ ಆಡ್ಕೊಂತಾರೆ." ಯಂತ್ರದ ಕಡೆ ತಿರುಗಿ ಸೇರಿಸಿದರು: "ಕಾಗ್ದ ಇರ್ಲಿ. ಎರಡು ಅದ್ಮೂರು ನಂಬರ್ ಸ್ಪ್ಯಾನರ್ ಕೊಡ್ಸಿ. ನಮ್ ಟಿಲ್ಲರ್‌ಗೂ ಇದೇ ಕಾಯ್ಲೆ ಇತ್ತು."

ನನಗೆ ತುಸು ಅವಮಾನವೇ ಆಯಿತು. ಯಂತ್ರದ ತಪ್ಪನ್ನು ನಾನು ಪತ್ರದಲ್ಲಿ ಎರಡನೆಯ ಅಂಶವಾಗಿ ಬರೆದಿದ್ದೆ. ಅದನ್ನು ಸರಿಪಡಿಸಬಹುದೆಂದು ಯೋಚಿಸಿರಲಿಲ್ಲ. ಮ್ಯಾನೇಜರಿಂದ ಲಿಖಿತ ಅನುಮತಿ ಪಡೆದು, ಉಪಕರಣಗಳ ಪೆಟ್ಟಿಗೆ ತರಿಸಿದೆ.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಇಂಜಿನ್ ಆರಿದ್ದಾಗಲೇ ಆಕೆ ಗೋಣಿಚೀಲ ಹಾಸಿ ಕೆಳಗೆ ತೂರಿದರು. ನಾನು ಟಾರ್ಚ್ ಹಿಡಿದೆ. ಪೆಡಲಿನಿಂದ ಗೇರ್‌ಬಾಕ್ಸಿಗೆ ಬೆರಳು ಗಾತ್ರದ ಒಂದು ಸರಳು ಹೋಗುತ್ತದೆ. ಅದರ ಉದ್ದವನ್ನು ಯಾರೋ ಮುಂದಿನ ವೇಗಕ್ಕೆ ಮಾತ್ರ ಹೊಂದಿಸಿ ನಟ್ಟು ಬಿಗಿದಿದ್ದರು. ಹಿಮ್ಮಡಿಯ ಪೆಡಲ್ ತಳಕ್ಕೆ ತಾಕಿದರೂ ಗೇರ್‌ಬಾಕ್ಸಿನ ಕೈ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಆಕೆ ನಟ್ಟು ಸಡಿಲಿಸಿ ಸರಳನ್ನು ಎರಡು ಸುತ್ತು ತಿರುಗಿಸಿದರು. ಹೊರಬಂದು ಸೀಟಿನಲ್ಲಿ ಕೂತು, ಬ್ಲೇಡು ತಿರುಗದಂತೆ ನೋಡಿಕೊಂಡು, ಇಂಜಿನ್ ಶುರುಮಾಡಿ ಹಿಮ್ಮಡಿ ಒತ್ತಿದರು. ದೂರ ನಿಂತಿದ್ದ ನನ್ನ ಕಣ್ಣೆದುರು, ಚಕ್ರಕ್ಕೆ ಹಾಕಿದ್ದ ಸುಣ್ಣದ ಗುರುತು ಹಿಂದೆಂದೂ ಕಾಣದ ವೇಗದಲ್ಲಿ ಹಿಮ್ಮುಖವಾಗಿ ಸುತ್ತಿತು. ಇಷ್ಟು ಸಾಕು, ನಟ್ಟು ಬಿಗಿಯಿರಿ ಎಂದೆ.

ಆಕೆ ಪೆಡಲಿನಿಂದ ಕಾಲು ತೆಗೆದರು. ಸುಣ್ಣದ ಗುರುತು ನಿಲ್ಲಲಿಲ್ಲ. ಬಹಳ ನಿಧಾನವಾಗಿ, ತನ್ನಷ್ಟಕ್ಕೆ ಹಿಂದಕ್ಕೆ ಸರಿಯುತ್ತಲೇ ಇತ್ತು.

ಎಂಟೂವರೆಯ ಚಿಂತೆಯಲ್ಲಿ ನನಗದು ಸಣ್ಣ ಸಂಗತಿಯಾಗಿ ಕಂಡಿತು, ಹಾಗೆಂದು ಹೇಳಿಯೂ ಬಿಟ್ಟೆ. ಆಕೆ ಇಂಜಿನ್ ಆರಿಸಿದರು.

"ಕಾಲ್ ತೆಗುದ್ರೂ ಇಂದಕ್ಕೆ ಓಗೋ ಗಾಡಿ ನಂಗೆ ಬೇಡ ಮೇಡಂ. ಇಂದ್ಗಡೆ ಕಳೆ ಕೀಳೋರು ಕೂತಿರ್ತಾರೆ. ಅವ್ರು ಬೆನ್ನು ಈಕಡೆ ಮಾಡ್ಕೊಂಡೇ ಕೂರೋದು."

ಸರಳನ್ನು ಒಂದು ಸುತ್ತು ವಾಪಸ್ ತಿರುಗಿಸಿ ನೋಡಿದರು. ಗುರುತು ನಿಂತಿತು, ಹಿಮ್ಮುಖದ ವೇಗವೂ ಇಳಿಯಿತು. ಆಕೆ ಬಹಳ ಹೊತ್ತು ಪೆಡಲನ್ನೇ ಕೈಯಿಂದ ಒತ್ತಿ ನೋಡುತ್ತಿದ್ದರು. ಆಮೇಲೆ ತಮ್ಮ ಕುಡುಗೋಲನ್ನು ತಂದು ಹಿಮ್ಮಡಿಯ ಪೆಡಲಿನ ಅಡಿಯಲ್ಲಿ ಕೆರೆದರು. ವರ್ಷಗಟ್ಟಲೆ ಹಾರಿ ಬಂದು, ಒದ್ದೆಯಾಗಿ, ಒಣಗಿ ಹಲಗೆಯಂತಾಗಿದ್ದ ಹುಲ್ಲು ಅಲ್ಲಿಂದ ತುಂಡು ತುಂಡಾಗಿ ಬಂತು. ಪೆಡಲ್ ಇನ್ನೊಂದು ಬೆರಳಿನಷ್ಟು ಆಳಕ್ಕೆ ಇಳಿಯಿತು. ಈ ಸಲ ಚಕ್ರ ಚುರುಕಾಗಿ ಹಿಂದಕ್ಕೆ ತಿರುಗಿತು, ಕಾಲು ತೆಗೆದೊಡನೆ ನಿಂತಿತು. ಮುಂದಿನ ವೇಗ ತುಸು ಕಡಿಮೆಯಾಗಿತ್ತು. ಅದರಿಂದ ಯಾರಿಗೂ ತೊಂದರೆಯಿಲ್ಲವೆಂದು ಆಕೆ ನಟ್ಟು ಬಿಗಿದರು.

ಸೋಮವಾರ ಎಂಟೂ ಇಪ್ಪತ್ತೈದಕ್ಕೆ ಆಕೆ ಯಂತ್ರವನ್ನು ಶೆಡ್ಡಿನೆದುರು ನಿಲ್ಲಿಸಿದರು. ಮ್ಯಾನೇಜರು ಗಡಿಯಾರ ನೋಡಿ ರಿಜಿಸ್ಟರಿನಲ್ಲಿ ಸಮಯ ಬರೆದರು, ಮುಂದೆ ಆಕೆಯ ಹೆಸರು ಬರೆದರು, ಬುಧವಾರದಿಂದ ಆಕೆಯೇ ಓಡಿಸಲಿ ಎಂದು ಹೇಳಿ ಬಸ್ಸುಗಳ ಕಡೆ ನಡೆದರು. ಸಂತೋಷಪಡಬೇಕಾದ ಆಕೆ ನನ್ನ ಚೀಲದ ಕಡೆ ನೋಡುತ್ತಿದ್ದರು.

"ಈಗ ಕೊಡ್ಬೋದು ಮೇಡಂ, ಆ ಕಾಗ್ದ. ಆದ್ರೆ ಅದ್ರಲ್ಲಿ ಎಳೀತಿದ್ದ ಅಣ್ಣನ್ ಇಸ್ಯ ಏನ್ ಬರ್ದಿದೀರಾ?"

ತೆಗೆದು ನೋಡಿದೆ. ಎರಡನೆಯ ಪುಟದಲ್ಲಿ ಆತ ಇದ್ದ: 'ಇನ್ನೊಬ್ಬ ಕೆಲಸಗಾರ'. ಹೋಲಿಕೆ ಸುಳ್ಳೆಂದು ಸಾಬೀತುಪಡಿಸುವ ಸಾಕ್ಷಿಯಾಗಿ ಮಾತ್ರ. ಇಂಜಿನ್ ಮಾಡಬೇಕಾದ ಕೆಲಸವನ್ನು ಎರಡು ವರ್ಷ ಒಬ್ಬ ಮನುಷ್ಯನ ಹೆಗಲಿನಿಂದ ಮಾಡಿಸಿದ್ದನ್ನು, ಎಲ್ಲ ತಪ್ಪುಗಳನ್ನೂ ಹೆಸರಿಸಿದೆನೆಂದುಕೊಂಡಿದ್ದ ನಾನು ತಪ್ಪೆಂದು ಬರೆದಿರಲೇ ಇಲ್ಲ.

ಆಕೆ ತೋರಿಸಿದ ಕಡೆ, ಕಾರಂಜಿಯ ಆಚೆ, ಅವರು ನಮಗೆ ಬೆನ್ನು ಮಾಡಿ, ಎಡಗೈಯಲ್ಲಿ ಕುಡುಗೋಲು ಹಿಡಿದು ಕಳೆ ತೆಗೆಯುತ್ತಿದ್ದರು. ಹಗ್ಗ ಜಗ್ಗಿದ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಹೋಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಪತ್ರದ ಮೊದಲ ಪುಟದ ನೆತ್ತಿಯಲ್ಲಿ ಪೆನ್ನಿಟ್ಟು, ಅವರ ಪೂರ್ತಿ ಹೆಸರು ಕೇಳಿದೆ.

ಹೇಳುವ ಮೊದಲು ಅವರು ಕೇಳಿದರು: "ನನ್ ಎಸ್ರಾ? ಯಾವ್ ರಿಜಿಸ್ಟರ್‌ಗೆ, ಮೇಡಂ?"