ಪಾದ ನೋಡುವ ಉಜ್ಜಿನಪ್ಪ

ಹರಪನಹಳ್ಳಿಯ ಉಜ್ಜಿನಪ್ಪ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಸುದ್ದಿ ಕೇಳಿದ ಗೆಳೆಯ ಹಸನ್ ಸಾಬ್ ತಮ್ಮ ಸೈಕಲ್ ಅಂಗಡಿಯ ಬಾಗಿಲು ತೆರೆಯುವುದನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲ ಮೇಲೆ ಕೂತರು. ಕೊಟ್ಟೂರು ಸ್ವಾಮಿಯ ತೇರಿಗೆ ಪಾದಯಾತ್ರೆ ಹೊರಟವರ ಹೆಸರು, ಮುಖ ಉಜ್ಜಿನಪ್ಪ ಮರೆಯುತ್ತಿದ್ದ, ಪಾದ ಮರೆತದ್ದಿಲ್ಲ. ವರ್ಷಕ್ಕೆ ಮೂರು ದಿನ ದಾರಿಬದಿಯ ಬೇವಿನ ಕೆಳಗೆ ಚಾಪೆ ಹಾಸಿ, ಬಂದವರ ಕಾಲು ತೊಳೆದು, ಬೆರಳ ಸಂದಿಯ ತೇವ ಒರೆಸಿ, ಒಡೆದ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಿದ್ದ. ಬೊಬ್ಬೆ ಒಡೆಯಹೋದವರ ಕೈಗೆ ಪಟ್ಟನೆ ಹೊಡೆಯುತ್ತಿದ್ದ. ಹೊಸ ಬೂಟು ಕಂಡರೆ, "ಬೀಗರ ಮನಿಗೆ ಹೊಂಟಿಯೇನಲೇ? ಹಳೇವು ಹಾಕ್ಕೊಂಡು ಬಾ" ಎನ್ನುತ್ತಿದ್ದ. ಬರಿಗಾಲ ಹರಕೆಯವರಿಗೆ, "ಸ್ವಾಮಿ ನಡಕೋತ ಬಾ ಅಂದಾನ, ಕುಂಟ್ಕೋತ ಬಾ ಅಂದಿಲ್ಲ" ಎಂದು ಗದರಿ ಸಾಕ್ಸ್ ತೊಡಿಸುತ್ತಿದ್ದ. "ಊರ ಮಂದಿ ಕಾಲು ನಿನಗ್ಯಾಕಲೇ?" ಎಂದು ಹಸನ್ ಸಾಬ್ ಒಮ್ಮೆ ಕೆಣಕಿದ್ದರು. ಹೆಂಡತಿ ಸತ್ತ ಮೇಲೆ ಹನ್ನೆರಡು ವರ್ಷ ಒಂಟಿಯಾಗಿದ್ದ ಅವನು ಎಣ್ಣೆಗೈ ಒರೆಸಿಕೊಳ್ಳುತ್ತ, "ಉಳದ ದಿನ ಯಾರನ್ನ ಮುಟ್ಟಲೋ, ಹಸನಾ?" ಎಂದಿದ್ದ. ಸೋಮವಾರ ಸಂಜೆ ಹಸನ್ ಸಾಬ್ ಆಸ್ಪತ್ರೆಯ ಮಂಚದ ತುದಿಯಲ್ಲಿ ಕೂತಾಗ ಉಜ್ಜಿನಪ್ಪನ ಮಾತು ನಿಂತುಹೋಗಿತ್ತು. ಹೊದಿಕೆಯೊಳಗಿಂದ ತನ್ನ ಬಲಗಾಲನ್ನು ಮೆಲ್ಲಗೆ ಹೊರಗೆಳೆದು ಗೆಳೆಯನ ತೊಡೆಯ ಮೇಲೆ ಇಟ್ಟ.